ಎಣ್ಣೆ ಉಳಿಸುವ ಸಾಧನಗಳು: ಕೊಳ್ಳುವ ಮೊದಲು ಅಳೆದು ನೋಡಿ

ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಸರಿಯಾಗಿ ನಮ್ಮ ಕೋಸಗಿಯ ಕಡೆಗೆ ಎಣ್ಣೆ ಉಳಿಸುವ ಸಾಧನ ಮಾರುವವರು ಬರುತ್ತಾರೆ. ಕಾರಾಗಲಿ, ಮೋಟಾರು ಸೈಕಲ್ಲಾಗಲಿ, ಟ್ರ್ಯಾಕ್ಟರಾಗಲಿ, ಇದೊಂದನ್ನು ಕೂಡಿಸಿದರೆ ನೂರಕ್ಕೆ 25ರಷ್ಟು ಪೆಟ್ರೋಲು ಅಥವಾ ಡೀಸೆಲ್ ಉಳಿಯುತ್ತದೆಂಬುದು ಅವರ ಮಾತು. ನಿಜವಾದರೆ ರೈತನಿಗೆ ಅದೊಂದು ದೊಡ್ಡ ಲಾಭವೇ ಸರಿ. ಸುಳ್ಳಾದರೆ, ಮುಂದಿನ ಬೀಜಕ್ಕೆ ತೆಗೆದಿಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಎಣ್ಣೆ ಎಲ್ಲಿ ಹೋಗುತ್ತದೆ?

“ಇಂಜಿನ್ನಿನಲ್ಲಿ ಎಣ್ಣೆ ಅರ್ಧಂಬರ್ಧ ಉರಿಯುತ್ತದೆ, ನಮ್ಮ ಸಾಧನ ಅದನ್ನು ಪೂರ್ತಿ ಉರಿಸುತ್ತದೆ” ಎಂಬುದು ಮಾರುವವರ ಮುಖ್ಯ ವಾದ. ಇದು ಸರಿಯಲ್ಲ. ಸುಸ್ಥಿತಿಯಲ್ಲಿರುವ ಇಂಜಿನ್ನಿನಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಎಣ್ಣೆ ಉರಿದೇ ಹೋಗುತ್ತದೆ. ಉರಿಯದೆ ಉಳಿಯುವುದು ಐದು ಪಾಲಿಗೂ ಕಡಿಮೆ. ಐದು ಸೇರಿನ ಚೀಲದಿಂದ ಇಪ್ಪತ್ತೈದು ಸೇರು ಜೋಳ ಸುರಿಯಲು ಬಂದೀತೇ?

ಹಾಗಾದರೆ ನಷ್ಟ ಎಲ್ಲಿದೆ? ಒಲೆಯಲ್ಲಿ ಕಟ್ಟಿಗೆ ಪೂರ್ತಿ ಉರಿದರೂ ಶಾಖದ ಬಹುಪಾಲು ಪಾತ್ರೆಗೆ ತಾಗದೆ ಹೊರಗೆ ಹೋಗುವುದಿಲ್ಲವೇ? ಇಂಜಿನ್ನಿನ ಸಂಗತಿಯೂ ಹಾಗೆಯೇ. ಸುಮಾರು ಮೂರರಲ್ಲೊಂದು ಪಾಲು ಶಾಖ ಹೊಗೆಯ ಕೊಳವೆಯಿಂದ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಪಾಲು ರೇಡಿಯೇಟರಿನ ನೀರಿನ ಮೂಲಕ ಹೋಗುತ್ತದೆ. ಉಳಿದದ್ದು ಮಾತ್ರ ಕೆಲಸಕ್ಕೆ ಬರುತ್ತದೆ. ಈ ನಷ್ಟ ಇಂಜಿನ್ನಿನ ರಚನೆಯಲ್ಲೇ ಇರುವುದರಿಂದ ಹೊರಗಿನಿಂದ ಕಟ್ಟಿದ ವಸ್ತು ಅದನ್ನು ತಡೆಯಲಾರದು.

ಸಾಧನಗಳ ಬಗೆಗಳು

(1) ಅಯಸ್ಕಾಂತ: ಎಣ್ಣೆಯ ನಳಿಕೆಗೆ ಇದನ್ನು ಕಟ್ಟಿದರೆ ಎಣ್ಣೆಯ ಕಣಗಳು ಬಿಡಿಬಿಡಿಯಾಗುತ್ತವೆಂದು ಹೇಳುತ್ತಾರೆ. ಪೆಟ್ರೋಲಾಗಲಿ ಡೀಸೆಲ್ಲಾಗಲಿ ಕಬ್ಬಿಣದಂತೆ ಅಯಸ್ಕಾಂತಕ್ಕೆ ಓಗೊಡುವ ವಸ್ತುವಲ್ಲ. ಅದು ಉರಿಯುವ ಬಗೆ ಇದರಿಂದ ಬದಲಾಗುವುದಿಲ್ಲ.

(2) ಮಿಣುಕು ಪೆಟ್ಟಿಗೆ: ಕಾರಿನೊಳಗೆ ಸಿಗರೇಟು ಹೊತ್ತಿಸುವ ತೂತಿಗೆ ಸಿಕ್ಕಿಸುವ ಈ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದವರಿಗೆ ಅನೇಕ ಸಲ ಒಂದು ಸಣ್ಣ ದೀಪವೂ ಒಂದೆರಡು ಬಿಡಿಭಾಗಗಳೂ ಮಾತ್ರ ಕಂಡಿವೆ.

(3) ನೀರಿನಿಂದ ಜಲಜನಕ: ನೀರನ್ನು ಒಡೆಯಲು ವಿದ್ಯುತ್ತು ಬೇಕು. ಆ ವಿದ್ಯುತ್ತು ಅದೇ ಇಂಜಿನ್ನಿನಿಂದ, ಅದೇ ಎಣ್ಣೆಯಿಂದ ಬರಬೇಕು. ಒಡೆಯಲು ಹಿಡಿಯುವ ಶಕ್ತಿಯಷ್ಟು ಉರಿಸಿದಾಗ ಮರಳಿ ಬರುವುದಿಲ್ಲ. ಮೇಲಾಗಿ ಬೆಂಕಿಯ ಭಯ.

(4) ಹೆಚ್ಚು ಗಾಳಿ ಬಿಡುವ ಬಿಲ್ಲೆಗಳು: ಹಳೆಯ ಕಾರ್ಬುರೇಟರಿನ ಗಾಡಿಗಳಲ್ಲಿ ಇವುಗಳಿಂದ ಒಮ್ಮೊಮ್ಮೆ ಅಲ್ಪ ವ್ಯತ್ಯಾಸವಾಗುತ್ತಿತ್ತು. ಈಗಿನ ಪೆಟ್ರೋಲು ಕಾರುಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆದು ಎಣ್ಣೆಯನ್ನು ತಾನೇ ಹೊಂದಿಸುವ ಏರ್ಪಾಡಿದೆ. ಗಾಳಿ ಹೆಚ್ಚಿಸಿದರೆ ಅದು ಎಣ್ಣೆಯನ್ನೂ ಹೆಚ್ಚಿಸುತ್ತದೆ.

ಅಮೇರಿಕದ ಪರಿಸರ ರಕ್ಷಣಾ ಸಂಸ್ಥೆಯವರು ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನೂ ಬೆರಕೆಗಳನ್ನೂ ಪರೀಕ್ಷಿಸಿದ್ದಾರೆ. ಕೆಲವೇ ಕೆಲವು ಅತ್ಯಲ್ಪ ಉಳಿತಾಯ ತೋರಿಸಿದುವು. ಮಾರುವವರು ಹೇಳುವಷ್ಟು ಉಳಿಸಿದ್ದು ಒಂದೂ ಇಲ್ಲ.

ಕಣ್ಣಾರೆ ಕಂಡದ್ದೆಲ್ಲ ಪುರಾವೆಯಲ್ಲವೆಂಬುದನ್ನು ನಮ್ಮ ದೇಶವೂ ಕಂಡಿದೆ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೆ ಎಂಬವರು ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲು ಮಾಡುವೆನೆಂದು ಎಲ್ಲರೆದುರು ತೋರಿಸಿದಾಗ ಅನೇಕರು ನಂಬಿದರು. ಕೊನೆಗೆ 2016ರಲ್ಲಿ ಚೆನ್ನೈಯ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು.

ನಾವು ಮಾಡಿದ ಪರೀಕ್ಷೆ

ನಮ್ಮ ನೆರೆಯ ರೈತರೊಬ್ಬರು ತಮ್ಮ ಕಾರಿಗೆ ಅಯಸ್ಕಾಂತ ಕಟ್ಟಿಸಿ, “ಮಾಸ್ತರೇ, ಲೀಟರಿಗೆ ಎರಡು ಕಿಲೋಮೀಟರು ಹೆಚ್ಚು ಬರುತ್ತದೆ” ಎಂದು ಸಂತೋಷದಿಂದ ಹೇಳಿದರು. ಅವರ ಮಾತು ಕೇಳಿ ಊರಿನ ಇನ್ನೂ ಹತ್ತು ಮಂದಿ ಟ್ರ್ಯಾಕ್ಟರಿಗೆ ಕೊಳ್ಳಲು ಮನಸ್ಸು ಮಾಡಿದ್ದರು. ನಾವು ಅವರನ್ನು ಸುಳ್ಳರೆನ್ನಲಿಲ್ಲ. “ಅಳೆಯೋಣ” ಎಂದೆವು, ಅವರೂ ಒಪ್ಪಿದರು.

ನಳಿಕೆಯ ಆ ಜಾಗಕ್ಕೆ ಬಟ್ಟೆ ಸುತ್ತಿದೆವು. ಪ್ರತಿ ಸಲ ಎಣ್ಣೆ ತುಂಬಿಸುವಾಗ ನಮ್ಮ ಶಾಲೆಯ ಹುಡುಗನಿಂದ ಚೀಟಿ ಎತ್ತಿಸಿ, ಅದರಂತೆ ಬಟ್ಟೆಯೊಳಗೆ ಅಯಸ್ಕಾಂತ ಇಡುತ್ತಿದ್ದೆವು, ಇಲ್ಲವೆ ತೆಗೆಯುತ್ತಿದ್ದೆವು. ಇದೆಯೋ ಇಲ್ಲವೋ ಎಂಬುದು ಗಾಡಿ ನಡೆಸುವ ಅವರಿಗೆ ತಿಳಿಯದು. ದಾರಿ ಅದೇ, ಕೋಸಗಿಯಿಂದ ಆದವಾನಿಗೆ ಹೋಗಿ ಬರುವುದು. ಕೊನೆಗೆ ಲೆಕ್ಕ ಬಿಡಿಸಿದಾಗ ಅಯಸ್ಕಾಂತ ಇದ್ದ ದಿನಗಳನ್ನೂ ಇಲ್ಲದ ದಿನಗಳನ್ನೂ ಬೇರೆ ಮಾಡಿ ಗುರುತಿಸಲಾಗಲಿಲ್ಲ. ಆದರೆ ಎರಡು ಬಗೆಯ ದಿನಗಳಲ್ಲಿಯೂ ಕಾರು ಮೊದಲಿಗಿಂತ ಹೆಚ್ಚೇ ಓಡುತ್ತಿತ್ತು!

ಇದರ ಕಾರಣ ವಿಚಾರಿಸಿದೆವು. ಸಾಧನ ಕಟ್ಟಿದ ದಿನವೇ ಮೆಕ್ಯಾನಿಕ್ಕು ಧೂಳು ತುಂಬಿದ್ದ ಗಾಳಿಯ ಫಿಲ್ಟರನ್ನು ಬದಲಿಸಿ, ಗಾಲಿಗಳಿಗೆ ಗಾಳಿ ತುಂಬಿದ್ದ. ಹಣ ಕೊಟ್ಟವರಾದ್ದರಿಂದ ಇವರೂ ಅಂದಿನಿಂದ ಮೈಲೇಜಿನ ಮೇಲೆ ಕಣ್ಣಿಟ್ಟು ಗಾಡಿಯನ್ನು ನಿಧಾನವಾಗಿ ನಡೆಸುತ್ತಿದ್ದರು. ಉಳಿಸಿದವರು ಅವರು, ಹೆಸರು ಬಂದದ್ದು ಅಯಸ್ಕಾಂತಕ್ಕೆ. ಅವರ ಹಣ ಮರಳಿ ಬರಲಿಲ್ಲ. ಉಳಿದ ಹತ್ತು ಮಂದಿಯ ಹಣ ಉಳಿಯಿತು.

ಅಳೆಯುವ ಕ್ರಮ

ಟ್ಯಾಂಕನ್ನು ಬಾಯಿಮಟ್ಟ ತುಂಬಿಸದೆ, ಬಂಕಿನ ನಳಿಕೆ ತಾನೇ ನಿಲ್ಲುವವರೆಗೆ ತುಂಬಿಸಿ ಮೀಟರು ಬರೆದುಕೊಳ್ಳಿ. 200 ಕಿಲೋಮೀಟರಿಗೆ ಕಡಿಮೆಯಾಗದಂತೆ ಓಡಿಸಿ ಅದೇ ಬಂಕಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಓಡಿದ ದೂರವನ್ನು ಹಿಡಿದ ಲೀಟರುಗಳಿಂದ ಭಾಗಿಸಿ. ಹತ್ತು ಡಿಗ್ರಿ ಬಿಸಿ ಏರಿದರೆ ಪೆಟ್ರೋಲು ನೂರಕ್ಕೆ ಸುಮಾರು ಒಂದು ಪಾಲು ಹಿಗ್ಗುವುದರಿಂದ ಯಾವಾಗಲೂ ಒಂದೇ ಹೊತ್ತಿನಲ್ಲಿ, ಬೆಳಿಗ್ಗೆಯೇ ತುಂಬಿಸುವುದು ಲೇಸು. ಒಂದು ಸಲದ ಲೆಕ್ಕವನ್ನು ನಂಬಬೇಡಿ. ಹೊರೆ, ಎದುರುಗಾಳಿ, ದಾರಿಯ ಸ್ಥಿತಿಗಳಿಂದಲೇ ದಿನದಿನಕ್ಕೆ ವ್ಯತ್ಯಾಸ ಬರುತ್ತದೆ.

ನಿಜವಾದ ಉಳಿತಾಯ

1. ನಮ್ಮ ಎರೆಹೊಲದ ಧೂಳು ಫಿಲ್ಟರಿಗೆ ಶತ್ರು. ಉಳುಮೆಯ ಕಾಲದಲ್ಲಿ ಟ್ರ್ಯಾಕ್ಟರಿನ ಗಾಳಿಯ ಫಿಲ್ಟರನ್ನು ಆಗಾಗ್ಗೆ ಶುಚಿಮಾಡಿ.

2. ಮಾರುಕಟ್ಟೆಯಲ್ಲಿ ಹತ್ತಿಯ ಗಾಡಿ ಸಾಲಿನಲ್ಲಿ ನಿಂತಾಗ ಇಂಜಿನ್ನು ನಿಲ್ಲಿಸಿ.

3. ಸೋರಿಕೆ ನೋಡಿಕೊಳ್ಳಿ. 20 ಹನಿಗೆ ಒಂದು ಮಿಲಿಲೀಟರೆಂದರೂ, ಸೆಕೆಂಡಿಗೊಂದು ಹನಿ ಸೋರಿದರೆ ದಿನವೊಂದಕ್ಕೆ ನಾಲ್ಕು ಲೀಟರಿಗೂ ಮೇಲೆ ಹೋಗುತ್ತದೆ. ಹನಿಹನಿಗೂಡಿ ಹಳ್ಳ!

4. ಉಳುವಾಗ ಟ್ರ್ಯಾಕ್ಟರಿನ ಗಾಲಿ ನೂರಕ್ಕೆ 10ರಿಂದ 15ರಷ್ಟು ಜಾರುವುದು ಸಹಜ. ಅದಕ್ಕೆ ಮೀರಿದರೆ ಎಣ್ಣೆ ನಷ್ಟ. ಉಳುಮೆಯ ಆಳ ತಗ್ಗಿಸಿ ಅಥವಾ ಗಾಲಿಗೆ ಭಾರ ಹೆಚ್ಚಿಸಿ.

5. ಹಗುರ ಕೆಲಸಕ್ಕೆ ಮೇಲಿನ ಗೇರು ಹಾಕಿ ಇಂಜಿನ್ನಿನ ವೇಗ ಇಳಿಸಿ.

ಹೊಸ ಗಾಡಿಗೆ ಇಂಥ ಸಾಧನ ಕೂಡಿಸಿದರೆ ಕಂಪನಿಯ ವಾರಂಟಿಗೂ ತೊಂದರೆ ಬರಬಹುದು. ಮಾರುವವರು ಮತ್ತೆ ಬಂದಾಗ ಜಗಳ ಬೇಡ. “ಒಂದು ತಿಂಗಳು ಬಿಟ್ಟು ಹೋಗಿ, ಅಳೆದು ನೋಡಿ, ಉಳಿದರೆ ಹಣ ಕೊಡುತ್ತೇವೆ” ಎಂದಷ್ಟೇ ಹೇಳಿ. ಬಿಟ್ಟು ಹೋಗುವವರು ಎಷ್ಟು ಮಂದಿಯೆಂದು ನೀವೇ ನೋಡುವಿರಿ.