ಮೊದಲು ಒಂದು ಹಿಡಿ ಜೋಳ

ತೆಕ್ಕಲಕೋಟೆಯ ಹೈಸ್ಕೂಲ್ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಬೈಬಲ್ ಕಥೆ ಹೇಳುವವರೇ, ಬಿತ್ತುವವನ ಸಾಮ್ಯದಿಂದ ಶುರುಮಾಡಿ. ಮತ್ತಾಯನ 13ನೇ ಅಧ್ಯಾಯ. ಪುಸ್ತಕ ಮುಚ್ಚಿಟ್ಟು ಕಥೆಯಾಗಿಯೇ ಹೇಳಿ. ಅರ್ಥ ಬಿಡಿಸುವ ಅವಸರ ಬೇಡ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವುದನ್ನು ಕಂಡ ಮಕ್ಕಳು, "ಸರ್, ದಾರಿ ಮೇಲೆ ಯಾಕೆ ಬೀಜ ಹಾಕಿದ?" ಎಂದು ಕೇಳಿಯೇ ಕೇಳುತ್ತಾರೆ. ಸುಮ್ಮನಾಗಿಸಬೇಡಿ. ಒಂದು ಹಿಡಿ ಜೋಳ ಕೊಟ್ಟು ಅಂಗಳದಲ್ಲಿ ಎರಚಿಸಿ. ನಾಲ್ಕು ಕಾಳು ಕಲ್ಲಿನ ಮೇಲೆ, ನಾಲ್ಕು ಬೇಲಿಯ ಮುಳ್ಳಿನೊಳಗೆ ಬೀಳುತ್ತವೆ. ಊರ ಗುಡ್ಡದ ಬಂಡೆಯ ತೆಳುಮಣ್ಣಿನಲ್ಲಿ ಮಳೆಗೆ ಚಿಗುರಿ ಬಿಸಿಲಿಗೆ ಸುಡುವ ಹುಲ್ಲನ್ನೂ ತೋರಿಸಿ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅಲ್ಲಿಯೇ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರೆಂಬುದನ್ನೂ ಹೇಳಿ. ಕನ್ನಡ ಬೈಬಲ್‌ಗೂ ನಮ್ಮ ಬಳ್ಳಾರಿ ಜಿಲ್ಲೆಗೂ ಇರುವ ನಂಟಿದು. ಆಮೇಲೆ ಮಕ್ಕಳು ಕಥೆಯನ್ನು ಮನೆಯ ಅಜ್ಜನಿಗೆ ಹೇಳಲಿ. ಮುಂದಿನ ಭಾನುವಾರ, ಅಜ್ಜ ಏನಂದರು ಎಂದು ಕೇಳಿ.