ಹಿಂದೆ ಬರುವ ಕಾರಿನ ಬ್ರೇಕಿಗೆ ಎಷ್ಟು ಖರ್ಚು ಮಾಡಬೇಕು?

ಅಮೆರಿಕದಲ್ಲಿ ಮೋಟರ್‌ಹೋಮ್ ಕೊಳ್ಳಲು ಹೊರಟವರು ಕಾಗದದ ಮೇಲೆ ಸಾಮಾನ್ಯವಾಗಿ ಮೂರು ಸಾಲು ಬರೆಯುತ್ತಾರೆ: ಗಾಡಿಯ ಬೆಲೆ, ಪೆಟ್ರೋಲು, ಕ್ಯಾಂಪ್‌ಗ್ರೌಂಡಿನ ಬಾಡಿಗೆ. ಹಿಂದೆ ಕಟ್ಟಿಕೊಂಡು ಹೋಗುವ ಕಾರಿನ ಖರ್ಚು ಆಮೇಲೆ ನೆನಪಾಗುತ್ತದೆ. ಆ ಕಾರಿನ ಬ್ರೇಕಿನ ಸಾಲು ಬರುವುದು ಎಲ್ಲಕ್ಕಿಂತ ಕೊನೆಗೆ, ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಕರಗಿರುತ್ತದೆ. ಹಾಗಾಗಿ ಅದನ್ನು ಮುಂದಿನ ವರ್ಷ ನೋಡೋಣ ಎಂದು ಪಕ್ಕಕ್ಕಿಡುವವರು ಬಹಳ. ನಿವೃತ್ತಿಯ ನಂತರ ನಾವಿಬ್ಬರೂ ಈ ಹವ್ಯಾಸಕ್ಕೆ ಬಿದ್ದಾಗ ನಾನು ಆ ಸಾಲನ್ನು ಮೇಲಕ್ಕೆ ತಂದೆ. ಯಾಕೆಂದು ಹೇಳುತ್ತೇನೆ.

ಊರಿನಲ್ಲಿರುವ ಓದುಗರಿಗೆ ಮೊದಲು ಈ ವ್ಯವಸ್ಥೆಯನ್ನು ವಿವರಿಸಬೇಕು. ಮೋಟರ್‌ಹೋಮ್ ಎಂದರೆ ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುತ್ತವೆ. ಕ್ಯಾಂಪ್‌ಗ್ರೌಂಡಿನಲ್ಲಿ ನಿಲ್ಲಿಸಿ ನೀರು, ಕರೆಂಟು ಜೋಡಿಸಿದ ಮೇಲೆ ಹಾಲು ತರಲು ಅದನ್ನು ಮತ್ತೆ ಹೊರಡಿಸಲಾಗದು. ಅದಕ್ಕೇ ಜನ ಒಂದು ಸಣ್ಣ ಕಾರನ್ನು ಟೋ ಬಾರ್ ಹಾಕಿ ಹಿಂದೆ ಕಟ್ಟಿಕೊಳ್ಳುತ್ತಾರೆ. ಕಾರಿನ ನಾಲ್ಕೂ ಚಕ್ರ ರಸ್ತೆಯ ಮೇಲೇ ಉರುಳುತ್ತವೆ. ಎಂಜಿನ್ ಆಫ್, ಒಳಗೆ ಯಾರೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ನಮ್ಮ ಮನೆಯಿಂದ ಹೊರಡುವುದು ಫೋರ್ಡ್ ಎಫ್-53 ಚಾಸಿಸ್ ಮೇಲೆ ಕಟ್ಟಿದ ಪೆಟ್ರೋಲ್ ಗಾಡಿ, ಅದರ ಹಿಂದೆ 2014ರ ಹೋಂಡಾ ಸಿಆರ್-ವಿ.

ಎಲ್ಲ ಕಾರನ್ನೂ ಹೀಗೆ ಕಟ್ಟಿಕೊಂಡು ಹೋಗುವಂತಿಲ್ಲ. ಸಿಆರ್-ವಿಯನ್ನು 2014ರ ಮಾದರಿಯವರೆಗೆ ನಾಲ್ಕು ಚಕ್ರದ ಮೇಲೆ ಎಳೆಯಬಹುದು ಎಂದು ಹೋಂಡಾದ ಕೈಪಿಡಿಯೇ ಹೇಳುತ್ತದೆ, ಗಂಟೆಗೆ 65 ಮೈಲಿ ದಾಟಬಾರದು ಎಂಬ ಷರತ್ತಿನೊಂದಿಗೆ. 2015ರಲ್ಲಿ ಸಿವಿಟಿ ಗೇರ್‌ಬಾಕ್ಸ್ ಬಂದ ಮೇಲೆ ಆ ಅನುಮತಿ ಹೋಯಿತು. ಇದು ಹಣದ ಲೆಕ್ಕದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ, ಮುಂದೆ ಬರುತ್ತೇನೆ.

ಬ್ರೇಕ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಗಾಡಿಯ ತೂಕದ ಅಂಕಿಗಳಲ್ಲಿದೆ. ಪ್ರತಿ ಮೋಟರ್‌ಹೋಮಿಗೂ ಎರಡು ತೂಕಗಳನ್ನು ಗೊತ್ತುಮಾಡಿರುತ್ತಾರೆ. ಒಂದು, ಸಾಮಾನು, ನೀರು, ಜನ ಎಲ್ಲ ಸೇರಿ ಗಾಡಿಯೊಂದೇ ತೂಗಬಹುದಾದ ಗರಿಷ್ಠ, ಜಿವಿಡಬ್ಲ್ಯುಆರ್ ಎನ್ನುತ್ತಾರೆ. ಇನ್ನೊಂದು, ಹಿಂದಿನ ಕಾರೂ ಸೇರಿದ ಒಟ್ಟು ಗರಿಷ್ಠ, ಜಿಸಿಡಬ್ಲ್ಯುಆರ್. ನಮ್ಮ ಗಾಡಿಯಲ್ಲಿ ಇವು 22,000 ಪೌಂಡ್ ಮತ್ತು 26,000 ಪೌಂಡ್. ನಡುವಿನ 4,000 ಪೌಂಡ್ ನಮಗೆ ಎಳೆಯಲು ಉಳಿಯುತ್ತದೆ. ಹಿಂದಿನ ಹಿಚ್ಚಿನ ಮೇಲೆ 5,000 ಎಂದು ಅಚ್ಚು ಹಾಕಿದ್ದರೂ ಅದು ಬರೀ ಆ ಕಬ್ಬಿಣದ ತಾಕತ್ತು, ಗಾಡಿಯದಲ್ಲ. ಅನೇಕರು ಹಿಚ್ಚಿನ ಅಂಕಿಯನ್ನೇ ನಂಬಿ ಕಾರು ಕೊಳ್ಳುತ್ತಾರೆ.

ಇನ್ನೊಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. ಚಾಸಿಸ್ ತಯಾರಿಸುವವರು ಬ್ರೇಕುಗಳನ್ನು ಲೆಕ್ಕ ಹಾಕುವುದು ಮೊದಲ ಅಂಕಿಗೆ, ಅಂದರೆ ಗಾಡಿಯ ಸ್ವಂತ ತೂಕಕ್ಕೆ. ಎಂಜಿನ್ನು 26,000 ಪೌಂಡ್ ಎಳೆದೀತು, ಬ್ರೇಕು ನಿಲ್ಲಿಸುವ ಹೊಣೆ ಹೊತ್ತಿರುವುದು 22,000ಕ್ಕೆ ಮಾತ್ರ. ಉಳಿದ ತೂಕ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು. ನಮ್ಮ ಸಿಆರ್-ವಿ ಸುಮಾರು 3,400 ಪೌಂಡ್, ಅಂದರೆ ಒಂದೂವರೆ ಟನ್ನಿಗೂ ಹೆಚ್ಚು. ಲಾಸ್ ಏಂಜಲೀಸ್ ಕಡೆಯಿಂದ ಇಂಟರ್‌ಸ್ಟೇಟ್ 5ರಲ್ಲಿ ಉತ್ತರಕ್ಕೆ ಬರುವಾಗ ಗ್ರೇಪ್‌ವೈನ್ ಇಳಿಜಾರು ಶೇಕಡಾ 6ರ ಇಳುಕಲಿನಲ್ಲಿ ಮೈಲಿಗಟ್ಟಲೆ ಇಳಿಯುತ್ತದೆ. ಶಿರಾಡಿ ಘಾಟಿಯಲ್ಲಿ ಅನುಭವಸ್ಥ ಲಾರಿ ಡ್ರೈವರ್‌ಗಳು ಮಾಡುವಂತೆ ಅಲ್ಲಿಯೂ ಗೇರ್ ಇಳಿಸಿ ಎಂಜಿನ್ನಿನ ಮೇಲೇ ಭಾರ ಬಿಟ್ಟು ಇಳಿಯಬೇಕು. ಆದರೆ ಮುಂದೆ ಹೋಗುತ್ತಿದ್ದವನು ತಟ್ಟನೆ ಬ್ರೇಕ್ ಒತ್ತಿದರೆ ಗೇರ್ ಉಳಿಸುವುದಿಲ್ಲ. ಗಂಟೆಗೆ 55 ಮೈಲಿಯಿಂದ 65ಕ್ಕೆ ಹೋದರೆ ವೇಗ ಹೆಚ್ಚುವುದು ಶೇಕಡಾ 18ರಷ್ಟು. ಬ್ರೇಕು ನುಂಗಬೇಕಾದ ಚಲನಶಕ್ತಿ ಹೆಚ್ಚುವುದು ಶೇಕಡಾ 40ರಷ್ಟು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ವಾಹನವನ್ನು ಎಳೆಯುವವರಿಗೆ 55 ಮೈಲಿಯ ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಟ್ರೇಲರ್‌ಗಳಿಗೆ ಎಷ್ಟು ತೂಕದ ಮೇಲೆ ಪ್ರತ್ಯೇಕ ಬ್ರೇಕ್ ಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ಕಡೆ ಆ ಗೆರೆ 3,000 ಪೌಂಡಿನಲ್ಲಿದೆ, ಕೆಲವು ಕಡೆ ಇನ್ನೂ ಕೆಳಗಿದೆ. ಎಳೆಯುವ ಕಾರು ಟ್ರೇಲರ್ ಹೌದೋ ಅಲ್ಲವೋ ಎಂದು ಗಂಟೆಗಟ್ಟಲೆ ವಾದಿಸುವವರನ್ನು ಕ್ಯಾಂಪ್‌ಗ್ರೌಂಡುಗಳಲ್ಲಿ ಕಂಡಿದ್ದೇನೆ. ನಾಲ್ಕಾರು ರಾಜ್ಯ ದಾಟುವವರಿಗೆ ಆ ವಾದದಿಂದ ಏನೂ ಲಾಭವಿಲ್ಲ. ಅತಿ ಕಟ್ಟುನಿಟ್ಟಿನ ರಾಜ್ಯಕ್ಕೆ ಸರಿಹೊಂದುವಂತೆ ಸಜ್ಜಾಗಿಬಿಟ್ಟರೆ ಯಾವ ಗಡಿಯಲ್ಲೂ ಯೋಚಿಸಬೇಕಾಗಿಲ್ಲ.

ಇನ್ನು ಆಯ್ಕೆ. ಎಂಜಿನ್ ಆಫ್ ಆದ ಕಾರಿನ ಬ್ರೇಕ್ ಪೆಡಲನ್ನು ಒತ್ತಿ ನೋಡಿ. ಮೊದಲ ಒಂದೆರಡು ಸಲ ಮೆತ್ತಗೆ ಹೋಗುತ್ತದೆ, ಆಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ ಎಂಜಿನ್ನಿನಿಂದ ಬರುವ ನಿರ್ವಾತ ಬೇಕು. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿರುವ ವ್ಯವಸ್ಥೆಗಳೆಲ್ಲ ಈ ಒಂದು ಸಮಸ್ಯೆಗೆ ಬೇರೆ ಬೇರೆ ಉತ್ತರಗಳು.

ಮೊದಲನೆಯದು ಎತ್ತಿಡುವ ಪೆಟ್ಟಿಗೆ. ಬ್ರೇಕ್ ಬಡ್ಡಿ, ರೋಡ್‌ಮಾಸ್ಟರ್‌ನವರ ಈವನ್ ಬ್ರೇಕ್, ಬ್ಲೂ ಆಕ್ಸ್ ಪೇಟ್ರಿಯಟ್ ಈ ಜಾತಿಯವು. ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಇಟ್ಟು, ಅದರ ತೋಳನ್ನು ಪೆಡಲಿಗೆ ಕಚ್ಚಿಸಿ, ಸೀಟನ್ನು ಮುಂದಕ್ಕೆ ಸರಿಸಿ ಒತ್ತು ಕೊಡಬೇಕು. ವೇಗ ಇಳಿಯುವುದನ್ನು ಒಳಗಿನ ಸಂವೇದಕ ಗ್ರಹಿಸಿದೊಡನೆ ತೋಳು ಪೆಡಲನ್ನು ತಳ್ಳುತ್ತದೆ. ಗಟ್ಟಿಯಾದ ಪೆಡಲನ್ನೇ ಬಲ ಹಾಕಿ ತಳ್ಳುವ ಮಾರ್ಗ ಇದು. ನಾವು ವಿಚಾರಿಸಿದಾಗ ಇವುಗಳ ಬೆಲೆ ಸಾವಿರದಿಂದ ಸಾವಿರದೈನೂರು ಡಾಲರ್ ಆಸುಪಾಸಿನಲ್ಲಿತ್ತು. ಕಾರು ಬದಲಾದರೆ ಪೆಟ್ಟಿಗೆ ನಿಮ್ಮ ಜೊತೆಗೇ ಬರುತ್ತದೆ, ಬೇಡವಾದರೆ ಮಾರಲೂಬಹುದು. ಹಣದ ದೃಷ್ಟಿಯಿಂದ ಇದು ದೊಡ್ಡ ಗುಣ.

ಎರಡನೆಯದು ಕಾರಿನಲ್ಲೇ ಶಾಶ್ವತವಾಗಿ ಕೂರಿಸುವಂಥದ್ದು. ಡೆಮ್ಕೊ ಕಂಪನಿಯ ಸ್ಟೇ-ಇನ್-ಪ್ಲೇ ಡ್ಯುವೊ ಬಾನೆಟ್ಟಿನೊಳಗೆ ಕುಳಿತು ಬೂಸ್ಟರಿಗೆ ತಾನೇ ನಿರ್ವಾತ ಒದಗಿಸುತ್ತದೆ. ಸತ್ತ ಪೆಡಲಿಗೆ ಜೀವ ಬರುತ್ತದೆ. ಮುಂದಿನ ಗಾಡಿಯ ಬ್ರೇಕ್ ದೀಪ ಹೊತ್ತಿದಾಗ, ವೇಗವೂ ಇಳಿದಾಗ ಮಾತ್ರ ಕೆಲಸ ಮಾಡುತ್ತದೆ. ಘಾಟಿಯಲ್ಲಿ ಗೇರ್ ಇಳಿಸಿ ನಿಧಾನಿಸಿದರೆ ಕಾರಿನ ಬ್ರೇಕ್ ಸುಮ್ಮನೆ ಉಜ್ಜುತ್ತಾ ಬರುವುದಿಲ್ಲ. ದೊಡ್ಡ ಡೀಸೆಲ್ ಗಾಡಿಗಳಲ್ಲಿ ಗಾಳಿಯ ಬ್ರೇಕ್ ಇರುತ್ತದೆ. ಅಂಥವರಿಗೆ ಅದೇ ಕಂಪನಿಯ ಏರ್ ಫೋರ್ಸ್ ಒನ್ ಇದೆ. ಗಾಡಿಯ ಬ್ರೇಕಿನ ಗಾಳಿಯ ಒತ್ತಡವೇ ಕಾರಿನ ಬ್ರೇಕನ್ನೂ ನಡೆಸುವುದರಿಂದ ಎರಡೂ ಒಂದೇ ಪ್ರಮಾಣದಲ್ಲಿ ಹಿಡಿಯುತ್ತವೆ. ನಮ್ಮದು ಹೈಡ್ರಾಲಿಕ್ ಬ್ರೇಕಿನ ಗಾಡಿಯಾದ್ದರಿಂದ ಆ ಬಾಗಿಲು ಮುಚ್ಚಿತ್ತು. ಡೀಸೆಲ್ ಗಾಡಿಯವರು ಕೇಳಿದರೆ ಬೇರೆ ಯೋಚನೆ ಬೇಡ, ಗಾಳಿಯದ್ದೇ ಹಾಕಿಸಿ ಎನ್ನುತ್ತೇನೆ.

ಮೂರನೆಯದು ಟೋ ಬಾರಿನಲ್ಲೇ ಅಡಗಿದ ಬ್ರೇಕ್. ರೆಡಿ ಬ್ರೂಟ್ ಎಂಬುದು ಹೀಗೆ. ಮುಂದಿನ ಗಾಡಿ ನಿಧಾನಿಸಿದಾಗ ಕಾರು ಮುಂದಕ್ಕೆ ಒತ್ತುತ್ತದೆಯಲ್ಲ, ಆ ಒತ್ತಡವೇ ಒಂದು ಕೇಬಲ್ ಎಳೆದು ಪೆಡಲನ್ನು ಕೆಳಕ್ಕೆ ತರುತ್ತದೆ. ಕರೆಂಟು ಬೇಡ, ಪಂಪು ಬೇಡ. ಟೋ ಬಾರನ್ನೂ ಹೊಸದಾಗಿ ಕೊಳ್ಳುವವರಿಗೆ ಎರಡೂ ಒಟ್ಟಿಗೆ ಸಿಗುವುದರಿಂದ ಒಟ್ಟು ಖರ್ಚು ಇದರಲ್ಲೇ ಕಡಿಮೆ. ಉದ್ದನೆಯ ಇಳಿಜಾರಿನಲ್ಲಿ ಕಾರು ಒತ್ತುತ್ತಲೇ ಇದ್ದರೆ ಬ್ರೇಕೂ ಹಿಡಿಯುತ್ತಲೇ ಇರಬಹುದು, ಅದೊಂದು ಅಡ್ಡಿ. ಸಮತಟ್ಟು ಪ್ರದೇಶದಲ್ಲಿ ಓಡಾಡುವವರು ಇದನ್ನು ಧಾರಾಳವಾಗಿ ನೋಡಬಹುದು. ನಮ್ಮ ದಾರಿಯಲ್ಲಿ ಡಾನರ್ ಪಾಸ್, ಸಿಸ್ಕಿಯು, ಗ್ರೇಪ್‌ವೈನ್ ಎಲ್ಲವೂ ಬರುತ್ತವೆ.

ಹೀಗೆ ನಮ್ಮ ಮುಂದೆ ಉಳಿದದ್ದು ಪೆಟ್ಟಿಗೆ ಅಥವಾ ಶಾಶ್ವತ ವ್ಯವಸ್ಥೆ. ನಾನು ಲೆಕ್ಕ ಹಾಕಿದ್ದು ಹೀಗೆ. ಶಾಶ್ವತದ್ದಕ್ಕೆ ಸಾಮಗ್ರಿ 1,400 ಡಾಲರ್, ಕೂರಿಸುವ ಮಜೂರಿ 900, ಒಟ್ಟು 2,300. ಕಾರು ಮಾರಿದ ದಿನ ಆ ಮಜೂರಿ ಹಾಗೇ ಮುಳುಗುತ್ತದೆ. ಪೆಟ್ಟಿಗೆಗೆ 1,300, ವೈರಿಂಗಿಗೆ 250. ಕೊನೆಗೆ ಮಾರಿದರೆ 500 ಬಂದೀತು, ನಿವ್ವಳ 1,050. ಕಾರನ್ನು ಎಂಟು ವರ್ಷ ಇಟ್ಟುಕೊಂಡರೆ ಶಾಶ್ವತದ್ದು ವರ್ಷಕ್ಕೆ ಸುಮಾರು 290 ಡಾಲರ್, ಪೆಟ್ಟಿಗೆ ಸುಮಾರು 130. ವ್ಯತ್ಯಾಸ ವರ್ಷಕ್ಕೆ 160 ಡಾಲರ್. ಅದೇ ಕಾರನ್ನು ಮೂರು ವರ್ಷಕ್ಕೆ ಬದಲಿಸುವುದಾದರೆ 900ರ ಮಜೂರಿ ಮತ್ತೆ ಮತ್ತೆ ತೆರಬೇಕು, ಶಾಶ್ವತದ್ದು ಇನ್ನಷ್ಟು ದುಬಾರಿಯಾಗುತ್ತದೆ. ಹೊಸ ಸಿಆರ್-ವಿಗಳನ್ನು ಎಳೆಯುವಂತಿಲ್ಲ ಎಂದೆನಲ್ಲ. ಹಾಗಾಗಿ ನಮ್ಮ 2014ರ ಕಾರನ್ನು ಅದು ಓಡುವಷ್ಟು ಕಾಲ ಬಿಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆವು. ಮಜೂರಿ ಹಂಚಿಹೋಗಲು ವರ್ಷಗಳು ಬೇಕಾದಷ್ಟಿದ್ದವು.

ಆ 160 ಡಾಲರಿಗೆ ಏನು ಬರುತ್ತದೆ? ಟೋ ಬಾರ್ ಕಟ್ಟಿದ ಕಾರನ್ನು ರಿವರ್ಸ್ ಮಾಡುವಂತಿಲ್ಲ. ಇಕ್ಕಟ್ಟಾದ ಪೆಟ್ರೋಲ್ ಬಂಕಿಗೆ ನುಗ್ಗಿದರೆ ಕಾರು ಬಿಚ್ಚಲೇಬೇಕು, ಹೊರಗೆ ಬಂದು ಮತ್ತೆ ಕಟ್ಟಬೇಕು. ಪ್ರತಿ ಸಲವೂ ಪೆಟ್ಟಿಗೆಯನ್ನು ಎತ್ತಿ ಇಳಿಸಿ, ಪೆಡಲಿಗೆ ಜೋಡಿಸಿ, ಸೀಟು ಸರಿಪಡಿಸಬೇಕು. ನಮ್ಮ ಮನೆಯವರಿಗೆ ಸೊಂಟ ನೋವು, ನನಗೆ ಮಂಡಿ. ಮಳೆಯಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಮುಂದಿನ ಕ್ಯಾಂಪ್‌ಗ್ರೌಂಡ್ ಇಪ್ಪತ್ತೇ ಮೈಲಿ ಎಂದಾಗ ಪೆಟ್ಟಿಗೆ ಡಿಕ್ಕಿಯಲ್ಲೇ ಉಳಿಯುವ ಸಾಧ್ಯತೆ ಹೆಚ್ಚು. ಇದು ಸೋಮಾರಿತನದ ಪ್ರಶ್ನೆಯಲ್ಲ, ಅರವತ್ತು ದಾಟಿದ ದೇಹದ ಪ್ರಶ್ನೆ. ಶಾಶ್ವತ ವ್ಯವಸ್ಥೆಯಲ್ಲಿ ಒಂದು ತಂತಿ ಚುಚ್ಚಿ, ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ, ಸ್ವಿಚ್ ನೋಡಿದರೆ ಮುಗಿಯಿತು. ಬಿಟ್ಟುಬಿಡುವ ಆಸೆಯೇ ಹುಟ್ಟುವುದಿಲ್ಲ. ನಾವು ಅದನ್ನೇ ಹಾಕಿಸಿದೆವು.

ಫ್ರೀಮಾಂಟಿನಿಂದ ಹೊಸದಾಗಿ ಗಾಡಿ ಕೊಂಡ ಹುಡುಗನೊಬ್ಬ ಫೋನ್ ಮಾಡಿ, "ಅಕ್ಕಾ, ಗಾಡಿ ಹತ್ತು ಟನ್ ಇದೆ, ಕಾರು ಒಂದೂವರೆ ಟನ್. ಗಾಡಿಗೆ ಅದು ಗೊತ್ತೇ ಆಗಲ್ಲ. ಎರಡು ಸಾವಿರ ಯಾಕೆ ಸುರೀಬೇಕು?" ಎಂದ. "ಎಳೆಯುವಾಗ ಗೊತ್ತಾಗಲ್ಲಪ್ಪ, ನಿಲ್ಲಿಸುವಾಗ ಗೊತ್ತಾಗುತ್ತೆ. ಅದೂ ಅಲ್ಲದೆ ಟೋ ಬಾರ್ ಕಳಚಿಕೊಂಡರೆ ಆ ಒಂದೂವರೆ ಟನ್ ಯಾರ ಮೇಲೆ ಹೋಗುತ್ತೆ?" ಎಂದೆ. ಬ್ರೇಕ್‌ಅವೇ ಕೇಬಲ್ ಇರುವುದೇ ಅದಕ್ಕೆ. ಕಾರು ಕಳಚಿದರೆ ಕೇಬಲ್ ಪಿನ್ನನ್ನು ಎಳೆಯುತ್ತದೆ, ಕಾರಿನ ಬ್ರೇಕ್ ತಾನಾಗಿ ಬೀಳುತ್ತದೆ. ಬ್ರೇಕೇ ಇಲ್ಲದ ಕಾರಿನಲ್ಲಿ ಪಿನ್ ಏನನ್ನು ಎಳೆಯಬೇಕು? ಅಪಘಾತವಾದರೆ ಎದುರು ಪಕ್ಷದ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಚಾಸಿಸ್ ಕೈಪಿಡಿಯೂ ಇರುತ್ತದೆ ಎಂದು ಅವನಿಗೆ ನೆನಪಿಸಿದೆ. ಅವನು ಮೂರು ವರ್ಷಕ್ಕೊಂದು ಕಾರು ಲೀಸ್‌ಗೆ ತೆಗೆದುಕೊಳ್ಳುವವನು, ಬೆನ್ನೂ ಗಟ್ಟಿ. ಅವನಿಗೆ ಪೆಟ್ಟಿಗೆಯೇ ಸರಿ ಎಂದು ಹೇಳಿದೆ, ಅದನ್ನೇ ಕೊಂಡ.

ಅವನಿಗೆ ಇನ್ನೊಂದು ಮಾತೂ ಹೇಳಿದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳು ಅನೇಕವುಗಳಲ್ಲಿ ಬ್ರೇಕಿನ ಬಲ ಎಂಜಿನ್ ಆಫ್ ಇದ್ದಾಗಲೂ ಜೀವಂತವಾಗಿರುತ್ತದೆ. ಗಟ್ಟಿ ಪೆಡಲಿಗೆಂದು ಹೊಂದಿಸಿದ ಪೆಟ್ಟಿಗೆ ಅಂಥ ಕಾರಿನಲ್ಲಿ ಅದೇ ಬಲ ಹಾಕಿದರೆ ಚಕ್ರ ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಬಲ ತಗ್ಗಿಸುವ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ನೆವಾಡಾದ ಒಂದು ವಿಶ್ರಾಂತಿ ತಾಣದಲ್ಲಿ ಬ್ರೇಕ್ ಬಿಡದೆ ಹಿಡಿದೇ ಬಂದ ಕಾರೊಂದನ್ನು ಕಂಡಿದ್ದೆ. ಮುಂಚಕ್ರಗಳಿಂದ ಹೊಗೆ ಬರುತ್ತಿತ್ತು, ಓಡಿಸುತ್ತಿದ್ದವರಿಗೆ ಗೊತ್ತೇ ಆಗಿರಲಿಲ್ಲ. ಮೂವತ್ತೈದು ಅಡಿ ಹಿಂದೆ ಆಗುವುದು ಸ್ಟೀರಿಂಗಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕಾರಿನ ಬ್ರೇಕ್ ಹಿಡಿದಾಗ ಹೊತ್ತುವ ಸೂಚನಾ ದೀಪ, ಟಯರುಗಳ ಒತ್ತಡ ಮತ್ತು ಬಿಸಿ ತೋರಿಸುವ ಮಾನಿಟರ್, ಇವೆರಡರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ನಿರ್ವಹಣೆಯ ಖರ್ಚೂ ಇದೆ. ಎಳೆದುಕೊಂಡು ಹೋದ ಮೈಲಿಗಳು ಅನೇಕ ಕಾರುಗಳ ಓಡೋಮೀಟರಿನಲ್ಲಿ ದಾಖಲಾಗುವುದಿಲ್ಲ, ಟಯರು ಮತ್ತು ಬ್ರೇಕ್ ಪ್ಯಾಡು ಮಾತ್ರ ಸವೆಯುತ್ತಲೇ ಇರುತ್ತವೆ. ನಾನು ಒಂದು ಸಣ್ಣ ಪುಸ್ತಕದಲ್ಲಿ ಆ ಮೈಲಿಗಳನ್ನು ಬೇರೆಯಾಗಿ ಬರೆದಿಡುತ್ತೇನೆ, ಸರ್ವೀಸಿಗೆ ಬಿಡುವಾಗ ಎರಡನ್ನೂ ಕೂಡಿಸಿ ಹೇಳುತ್ತೇನೆ. ಬ್ಯಾಟರಿ ಇಳಿಯದಂತೆ ಮುಂದಿನ ಗಾಡಿಯಿಂದ ಚಾರ್ಜ್ ವೈರ್ ಎಳೆಸಿಕೊಳ್ಳುವುದೂ ಅಗತ್ಯ. ಬ್ರೇಕಿನ ಯಂತ್ರಕ್ಕೆ ಕರೆಂಟು ಬರುವುದು ಕಾರಿನ ಬ್ಯಾಟರಿಯಿಂದಲೇ.

ಈ ಬೇಸಿಗೆಯಲ್ಲಿ ಹೊರಡುವವರಿಗೆ ನನ್ನ ಕೋರಿಕೆ ಇಷ್ಟು. ಅಂಗಡಿಗೆ ಹೋಗುವ ಮೊದಲು ಗಾಡಿಯ ತೂಕದ ಫಲಕ ಮತ್ತು ಕೈಪಿಡಿಯಿಂದ ಆ ಎರಡು ಅಂಕಿಗಳನ್ನು ಬರೆದುಕೊಳ್ಳಿ. ಸಾಮಾನು ತುಂಬಿ, ನೀರು ತುಂಬಿ, ಕಾರು ಕಟ್ಟಿ, ಯಾವುದಾದರೂ ಟ್ರಕ್ ಸ್ಟಾಪಿನ ತೂಕದ ಸೇತುವೆಯ ಮೇಲೆ ನಿಲ್ಲಿಸಿ ನೋಡಿ. ಒಂದು ಹೊತ್ತಿನ ಊಟದ ಖರ್ಚಿನಲ್ಲಿ ಮುಗಿಯುತ್ತದೆ. ಮತ್ತು ಬ್ರೇಕಿನ ಹಣವನ್ನು ಟೋ ಬಾರಿನ ಹಣದ ಜೊತೆಗೇ ತೆಗೆದಿಡಿ, ಮುಂದಿನ ವರ್ಷಕ್ಕೆ ಬಿಡಬೇಡಿ.