ಕಾವಲು ಮುಚ್ಚಿದ ಮೇಲೆ ಮೇವು ಎಲ್ಲಿ?



2023ರ ಏಪ್ರಿಲ್ 2ರಂದು ಪಾವಗಡಕ್ಕೆ ನೆರೆಯದಾದ ಚಳ್ಳಕೆರೆ ತಾಲ್ಲೂಕಿನಲ್ಲಿ ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದು ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ನೆಲಕ್ಕಿಳಿಯಿತು. ಮೆಚ್ಚಬೇಕಾದ ಕೆಲಸವೇ. ಆದರೆ ಆ ಸೀಮೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ಇಂಥ ಸಂಸ್ಥೆಗಳಿಗೆ ಸೇರಿದ ಮೇಲೆ ಗೋಡೆಗಳೆದ್ದವು, ಕುರಿದನಗಳಿಗೆ ದಾರಿ ತಪ್ಪಿತು. ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹುಲ್ಲುಗಾವಲನ್ನು ಬೀಳುಭೂಮಿ ಎಂದು ಬರೆದುಕೊಳ್ಳುವ ತಪ್ಪು ನಮ್ಮ ಕಾಗದಪತ್ರಗಳಲ್ಲಿ ಹಳೆಯದು.

ಮೇವಿಲ್ಲವೆಂದು ಗೊಡ್ಡು ದನ, ಹೋರಿಗರುಗಳನ್ನು ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಬಾರದು. 1971ರಲ್ಲಿ ಮೊದಲ ರಾಕೆಟ್ ಹಾರಿಸಿದ ಶ್ರೀಹರಿಕೋಟಾ ದ್ವೀಪವನ್ನು ನೋಡಿ. ಜನ ಊರು ಬಿಟ್ಟಾಗ ಉಳಿದ ದನಗಳ ಸಂತತಿ ಅಲ್ಲಿ ಕಾಡುದನಗಳಾದವು. ಕೈಗೆ ಸಿಗದ ದನಕ್ಕೆ ಲಸಿಕೆ ಹಾಕುವವರು ಯಾರು?

ನಮ್ಮ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು 2007ರಿಂದ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಗಿದೆ. ಕುರಿ ತಿನ್ನುವ ಹುಲ್ಲನ್ನೇ ಕೃಷ್ಣಮೃಗವೂ ತಿನ್ನುತ್ತದೆ. ಕಾಲುಬಾಯಿ ಬೇನೆ ಎರಡಕ್ಕೂ ತಗಲುತ್ತದೆ. ಆದುದರಿಂದ ದನಗಳಿಗೆ ಆರು ತಿಂಗಳಿಗೊಮ್ಮೆ ಈ ಬೇನೆಯ ಲಸಿಕೆ ತಪ್ಪದೆ ಹಾಕಿಸಿ. ಬರದ ನಂತರ ಎಳೆಹುಲ್ಲನ್ನು ಹೊಟ್ಟೆಬಿರಿಯ ಮೇಯ್ದ ಕುರಿಗಳು ಕರುಳುಬೇನೆಯಿಂದ ಒಮ್ಮೆಲೇ ಸಾಯುವುದುಂಟು. ಇದರ ಲಸಿಕೆ ಮುಂಗಾರಿಗೆ ಮೊದಲೇ ಆಗಬೇಕು. ಸತ್ತ ಕುರಿಯನ್ನು ಹುಲ್ಲುಗಾವಲಿಗೆ ಎಸೆಯದೆ ಆಳವಾಗಿ ಹೂಳಿ. ಮರಿಗಳ ಮೇಲೆ ಬೀಳುವ ನಾಯಿಗಳನ್ನು ಕಟ್ಟಿಹಾಕಿ.

ಇನ್ನು ಮೇವಿನ ವಿಷಯ. ಶಿರಾ, ಕೊರಟಗೆರೆಯ ಕೆಂಪು ಮಣ್ಣಿನ ಬದುಗಳಲ್ಲಿ ಸ್ಟೈಲೋ ಹಮಾಟ ಮತ್ತು ಅಂಜನ್ ಹುಲ್ಲು ಚೆನ್ನಾಗಿ ಬರುತ್ತವೆ. ಸ್ಟೈಲೋ ಬೀಜದ ಸಿಪ್ಪೆ ಗಡುಸು. ಹಾಗೆಯೇ ಬಿತ್ತಿ ಮೊಳೆಯಲಿಲ್ಲವೆಂದು ಬೀಜವನ್ನು ಬೈಯುವ ರೈತರನ್ನು ಕಂಡಿದ್ದೇನೆ. ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಶಾಖ ಬರುತ್ತದೆ. ಅದರಲ್ಲಿ ಬೀಜವನ್ನು 4 ನಿಮಿಷ ಮಾತ್ರ ನೆನೆಸಿ, ತೆಗೆದು, ನೆರಳಿನಲ್ಲಿ ಆರಿಸಿ. ಮರಳು ಬೆರೆಸಿ, ಜೂನ್-ಜುಲೈ ಮಳೆಗೆ ಅರ್ಧ ಅಂಗುಲಕ್ಕಿಂತ ಆಳ ಹೋಗದಂತೆ ಬಿತ್ತಿ. ಮೊದಲ ವರ್ಷ ಮೇಯಿಸದೆ ಬೀಜ ಉದುರಲು ಬಿಟ್ಟರೆ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ.

ಕೃಷ್ಣಮೃಗಗಳು ಕಡಲೇಕಾಯಿ ಹೊಲಕ್ಕೆ ಇಳಿದರೆ ಬೇಲಿಗೆ ವಿದ್ಯುತ್ ಹರಿಸಬೇಡಿ. ಅದು ಅಪರಾಧ, ಕತ್ತಲೆಯಲ್ಲಿ ನೀರು ಕಟ್ಟಲು ಹೋದ ನಿಮ್ಮ ಮಗನೇ ಅದಕ್ಕೆ ಸಿಕ್ಕಬಹುದು. ಹಾನಿಯ ಚಿತ್ರ ತೆಗೆದು, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.